ಏನು ಮಾಡ್ಲಿ, ಹೇಳು

ವಾರದ ನಡುವೆ ಬೆಳಗಿನ ಹನ್ನೊಂದು ಗಂಟೆಗೆ ಮನೆ ಹೇಗಿರುತ್ತದೆ ಎಂಬುದು ಗಂಡಸರಿಗೆ ಗೊತ್ತಾದದ್ದು 2020ರ ಮಾರ್ಚ್ ಕೊನೆಯ ವಾರದಲ್ಲಿ, ಲಾಕ್‌ಡೌನ್ ಶುರುವಾದಾಗ. ಅದುವರೆಗೆ ಅವರು ಕಂಡದ್ದು ಎಂಟು ಗಂಟೆಯ ಮನೆ, ಸಂಜೆ ಏಳರ ಮನೆ ಮತ್ತು ಭಾನುವಾರದ ಮನೆ. ಮೂರೂ ಮುಖ ತೊಳೆದುಕೊಂಡು ಸಿದ್ಧವಾಗಿರುವ ಮನೆಗಳೇ. ಹನ್ನೊಂದರ ಮನೆಯಲ್ಲಿ ಸಿಂಕಿನ ತುಂಬ ಪಾತ್ರೆ, ಅರ್ಧ ಹೆಚ್ಚಿದ ಹುರುಳಿಕಾಯಿ, ಬಕೆಟ್ಟಿನಲ್ಲಿ ನೆನೆದ ಬಟ್ಟೆ, ಮಡಿಸದ ಹೊದಿಕೆ, ಗೇಟಿನಲ್ಲಿ ಸೊಪ್ಪಿನವಳ ಕೂಗು, ಒಲೆಯ ಮೇಲೆ ಯಾರಾದರೂ ಅತ್ತ ತಿರುಗಲಿ ಎಂದು ಕಾಯುತ್ತಿರುವ ಹಾಲು. ಮೈಸೂರಿನ ನಮ್ಮ ಬಡಾವಣೆಯ ಯಜಮಾನರುಗಳು ತಮ್ಮದೇ ಮನೆಯ ಈ ಮುಖ ಕಂಡು ದಂಗಾದರು. ಒಳ್ಳೆಯವರು, ದಂಗಾಗಿ ಸುಮ್ಮನೆ ಕೂರಲಿಲ್ಲ. ತೋಳು ಮಡಿಸಿಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತು ಕೇಳಿದರು: ‘ನಾನೇನು ಮಾಡ್ಲಿ, ಹೇಳು.’

ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ತೊಡಕಿತ್ತು. ಉತ್ತರ ಹೇಳಬೇಕಾದವಳು ಮನೆಯಲ್ಲೇ ಇರುತ್ತಿರಲಿಲ್ಲ. ನಾನು ಬ್ಯಾಂಕಿನವಳು, ಬ್ಯಾಂಕು ಅಗತ್ಯ ಸೇವೆ. ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡು, ಬ್ಯಾರಿಕೇಡಿನ ಪೊಲೀಸರಿಗೆ ಅದನ್ನು ತೋರಿಸುತ್ತ ನಾನು ಸ್ಕೂಟರಿನಲ್ಲಿ ಹೊರಟರೆ, ಸಾಫ್ಟ್‌ವೇರಿನ ಇವರು ಲುಂಗಿಯ ಮೇಲೆ ಇಸ್ತ್ರಿ ಶರ್ಟು ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಮಗ ತ್ರಿಶಂಕುವಾಗಿದ್ದ. ಅದು ಶುರುವಾಗಿದ್ದು ಜೂನ್ 25ಕ್ಕೆ. ಬಾಗಿಲಲ್ಲಿ ನಿಂತು ನನ್ನನ್ನು ಕಳಿಸಿಕೊಡುತ್ತಿದ್ದ ಅತ್ತೆ, ‘ನಿಮ್ಮ ಮಾವ ಇದನ್ನ ನೋಡಬೇಕಿತ್ತು ಕಣೇ’ ಎಂದು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನನ್ನ ಮಾವ ಬಾಯಾರಿದರೆ ‘ನೀರು’ ಎಂಬ ಒಂದೇ ಮಾತನ್ನು ಗಾಳಿಯಲ್ಲಿ ಬಿಟ್ಟು ಕಾಯುತ್ತಿದ್ದ ಕಾಲದವರು.

ಹೊಸ್ತಿಲಿನ ಪ್ರಶ್ನೆ ಹೀಗೆ ಫೋನಿನಲ್ಲಿ ಬ್ಯಾಂಕಿಗೆ ಬರತೊಡಗಿತು.

‘ಸಾರಿನ ಪುಡಿ ಯಾವ ಡಬ್ಬಿಲಿದೆ?’

‘ಬೋರ್ನ್‌ವಿಟಾ ಡಬ್ಬಿಲಿ.’

‘ಮತ್ತೆ ಹಾರ್ಲಿಕ್ಸ್ ಡಬ್ಬಿಲಿರೋದು?’

‘ಮೆಂತ್ಯ ರೀ.’

ಕೌಂಟರಿನಾಚೆ ಪಿಂಚಣಿಗೆ ಬಂದ ಹಿರಿಯರೊಬ್ಬರು ಮಾಸ್ಕಿನೊಳಗಿಂದಲೇ, ‘ಬೋರ್ನ್‌ವಿಟಾ ಎಲ್ಲಿಟ್ಟಿದೀರಿ ತಾಯಿ?’ ಎಂದು ಕೇಳಿದ್ದುಂಟು. ಅವರೂ ಆಗಷ್ಟೇ ಅಡುಗೆಮನೆಗೆ ಕಾಲಿಟ್ಟವರಿರಬೇಕು.

ಕೆಲವೇ ದಿನಗಳಲ್ಲಿ ಇವರು ತಮ್ಮ ವೃತ್ತಿಧರ್ಮಕ್ಕೆ ತಕ್ಕಂತೆ ಒಂದು ಎಕ್ಸೆಲ್ ಶೀಟು ತಯಾರಿಸಿದರು. ಹೆಸರು ‘ಮನೆಗೆಲಸ_ಫೈನಲ್_2’. ಕಸ ಗುಡಿಸುವುದು, ನೆಲ ಒರೆಸುವುದು, ಪಾತ್ರೆ, ಬಟ್ಟೆ, ತರಕಾರಿಗೆ ಉಪ್ಪು ಅರಿಸಿನದ ಅಭ್ಯಂಜನ, ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ. ಪ್ರತಿಯೊಂದರ ಎದುರಿಗೆ ಹೊಣೆಗಾರರ ಹೆಸರು. ಮುಗಿದರೆ ಹಸಿರು, ಉಳಿದರೆ ಕೆಂಪು. ಮಗನ ಹೆಸರಿನ ಸಾಲು ಸದಾ ಕೆಂಪಗಿರುತ್ತಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಪರದೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ‘ಚೆನ್ನಾಗಿದೆ ಕಣೋ. ಇವತ್ತಿಂದೆಲ್ಲ ಇದೆ. ನಾಳೇದು ಎಲ್ಲಿ?’

ಇವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಬೆಳಿಗ್ಗೆ ಇಡ್ಲಿ ಬೇಯಬೇಕಾದರೆ ಹಿಂದಿನ ರಾತ್ರಿ ಹಿಟ್ಟು ರುಬ್ಬಿರಬೇಕು, ರುಬ್ಬಬೇಕಾದರೆ ಅದೇ ಮಧ್ಯಾಹ್ನ ಉದ್ದು ನೆನೆದಿರಬೇಕು, ನೆನೆಯಬೇಕಾದರೆ ಉದ್ದು ಮುಗಿಯುತ್ತ ಬಂದಿದೆ ಎಂಬುದು ಅದಕ್ಕೂ ಮುಂಚೆ ಯಾರಿಗಾದರೂ ಹೊಳೆದಿರಬೇಕು. ಈ ಹೊಳೆಯುವ ಕೆಲಸಕ್ಕೆ ಶೀಟಿನಲ್ಲಿ ಸಾಲಿರಲಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕುವಷ್ಟು ಮೊಸರು ಮಧ್ಯಾಹ್ನವೇ ಎತ್ತಿಟ್ಟಿರಬೇಕೆಂಬುದು, ಅತ್ತೆಯ ಬಿಪಿ ಮಾತ್ರೆ ಇನ್ನೆಷ್ಟು ಉಳಿದಿದೆ ಎಂಬುದು, ಮಗ ಊಟಕ್ಕೆ ಕೂತು ಮಾತಾಡುತ್ತಿಲ್ಲ ಎಂಬುದು, ಕೊಳ್ಳೇಗಾಲದಲ್ಲಿ ಒಬ್ಬರೇ ಇರುವ ಚಿಕ್ಕತ್ತೆಗೆ ಫೋನು ಮಾಡಬೇಕೆಂಬುದು. ಇವು ಯಾವುವೂ ಹಸಿರಾಗುವ ಜಾತಿಯವಲ್ಲ. ಮುಗಿದ ಕ್ಷಣವೇ ಮತ್ತೆ ಶುರುವಾಗುತ್ತವೆ.

ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರ ಓದಿ ಬ್ಯಾಂಕ್ ಪರೀಕ್ಷೆ ಪಾಸು ಮಾಡಿದವಳು ನಾನು. ಹಾಗಾಗಿ ಚಲನ್ನಿಗೆ ಸೀಲು ಹಾಕುವಾಗ ಕೆಲವೊಮ್ಮೆ ಹಳೆಯ ಪಾಠಗಳು ನೆನಪಾಗುವುದುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್ ಮಕ್ಕಳ ನೈತಿಕ ಬುದ್ಧಿ ಅಳೆಯಲು ಒಂದು ಕಥೆ ಹೇಳುತ್ತಿದ್ದರು. ಹೈನ್ಸ್ ಎಂಬವನ ಹೆಂಡತಿ ಸಾಯುತ್ತಿದ್ದಾಳೆ. ಔಷಧ ಇದೆ, ಅಂಗಡಿಯವನು ಹೇಳುವ ಬೆಲೆ ಕೊಡಲು ಇವನಲ್ಲಿ ಹಣವಿಲ್ಲ. ಕದಿಯಬಹುದೆ? ಹನ್ನೊಂದು ವರ್ಷದ ಜೇಕ್ ಎಂಬ ಹುಡುಗ ಥಟ್ಟನೆ ಹೇಳಿದ: ಕದಿಯಬೇಕು, ಜೀವ ಹಣಕ್ಕಿಂತ ದೊಡ್ಡದು. ಅದೇ ವಯಸ್ಸಿನ ಏಮಿ ಎಂಬ ಹುಡುಗಿ ತಡವರಿಸಿದಳು: ಕದ್ದು ಜೈಲಿಗೆ ಹೋದರೆ ಹೆಂಡತಿಯನ್ನು ಆಮೇಲೆ ಯಾರು ನೋಡಿಕೊಳ್ಳುತ್ತಾರೆ? ಅಂಗಡಿಯವನ ಹತ್ತಿರ ಕೂತು ಮಾತಾಡಬಾರದೆ? ಕೋಲ್‌ಬರ್ಗರ ಅಳತೆಗೋಲಿನಲ್ಲಿ ಜೇಕ್ ಮೇಲೆ, ಏಮಿ ಕೆಳಗೆ. ಕ್ಯಾರಲ್ ಗಿಲಿಗನ್ 1982ರ ತಮ್ಮ ಪುಸ್ತಕದಲ್ಲಿ ಕೇಳಿದ್ದು ಇಷ್ಟೇ: ತಪ್ಪು ಹುಡುಗಿಯದೋ, ಅಳತೆಗೋಲಿನದೋ?

ಲಾಕ್‌ಡೌನಿನಲ್ಲಿ ನಮ್ಮ ಮನೆಗೇ ಆ ಕಥೆ ಬಂತು. ಅತ್ತೆಯ ಮಾತ್ರೆ ಮುಗಿಯಿತು, ಮೆಡಿಕಲ್ ಶಾಪಿಗೆ ಸ್ಟಾಕ್ ಬಂದಿಲ್ಲ. ಮಗ ಆನ್‌ಲೈನಿನಲ್ಲಿ ಹುಡುಕಿದ. ಇವರು ಪಾಸು ಮಾಡಿಸಿ ಬೆಂಗಳೂರಿಗೇ ಹೋಗಿ ತರುವ ವೀರಾವೇಶದಲ್ಲಿದ್ದರು. ಅತ್ತೆ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡ ನಂಬರೊಂದನ್ನು ಒತ್ತಿ ಮೆಡಿಕಲ್ ಶಾಪಿನವನ ತಾಯಿಯ ಜೊತೆ ಮಾತಾಡಿದರು. ಭಜನೆಯ ಗೆಳತಿ. ಮೊದಲು ಮಂಡಿನೋವು, ಆಮೇಲೆ ಸೊಸೆಯಂದಿರು, ಆಮೇಲೆ ದೂರದರ್ಶನದಲ್ಲಿ ಮತ್ತೆ ಬರುತ್ತಿದ್ದ ರಾಮಾಯಣ, ಕೊನೆಗೆ ಮಾತ್ರೆ. ಆಕೆಯದೂ ಅದೇ ಮಾತ್ರೆಯಂತೆ. ಸಂಜೆ ಗೇಟಿಗೆ ಒಂದು ಸ್ಟ್ರಿಪ್ ಬಂತು, ‘ಸ್ಟಾಕ್ ಬಂದ ಮೇಲೆ ವಾಪಸ್ ಕೊಡಿ’ ಎಂಬ ಷರತ್ತಿನೊಂದಿಗೆ. ಎಪ್ಪತ್ತಾರರ ಏಮಿ ಮಾತ್ರೆ ನುಂಗಿ, ನೀರು ಕುಡಿದು, ಸೀತಾಪಹರಣ ನೋಡಲು ಕೂತರು.

ಗಿಲಿಗನ್ ತೆರೆದ ದಾರಿಯಲ್ಲಿ ಮುಂದೆ ಹೋದವರು ಜೋನ್ ಟ್ರಾಂಟೊ. ಆರೈಕೆ ಎಂದರೆ ತಾಯಿಯ ಹೃದಯ, ಹೆಣ್ಣಿನ ಸಹಜ ಗುಣ ಎಂದೆಲ್ಲ ಹೂ ಏರಿಸಿ ಬಿಡುವುದನ್ನು ಅವರು ಒಪ್ಪಲಿಲ್ಲ. ಆರೈಕೆ ಒಂದು ದುಡಿಮೆ. ಅದರ ಹಂಚಿಕೆ ರಾಜಕೀಯದ ಪ್ರಶ್ನೆ ಎಂದರು. 1990ರಲ್ಲಿ ಬೆರೆನಿಸ್ ಫಿಷರ್ ಜೊತೆ ಸೇರಿ ಅದನ್ನು ನಾಲ್ಕು ಹಂತಗಳಾಗಿ ಬಿಡಿಸಿಟ್ಟರು. ಮೊದಲನೆಯದು ಅಗತ್ಯವನ್ನು ಗಮನಿಸುವುದು. ಎರಡನೆಯದು ಇದು ನನ್ನ ಹೊಣೆ ಎಂದು ಒಪ್ಪಿಕೊಳ್ಳುವುದು. ಮೂರನೆಯದು ಕೈಯಾರೆ ಮಾಡುವುದು. ನಾಲ್ಕನೆಯದು, ಆರೈಕೆ ಪಡೆದವರಿಗೆ ಅದು ಒದಗಿತೋ ಇಲ್ಲವೋ ಎಂದು ನೋಡುವುದು. ಇವರ ಎಕ್ಸೆಲ್ ಶೀಟಿನಲ್ಲಿ ಇದ್ದದ್ದು ಬರೀ ಮೂರನೆಯದು. ಉಳಿದ ಮೂರನ್ನು ನಾನು ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು ಬ್ಯಾಂಕಿಗೆ ಹೋಗಿ ಬರುತ್ತಿದ್ದೆ.

ಇದರಿಂದ ತಪ್ಪಿಸಿಕೊಳ್ಳುವ ರಹದಾರಿಯ ಬಗ್ಗೆಯೂ ಟ್ರಾಂಟೊ ಬರೆದಿದ್ದಾರೆ. ಕೆಲವರಿಗೆ ಇನ್ನೂ ಮುಖ್ಯವಾದ ಕೆಲಸವಿರುತ್ತದೆ; ಆದ್ದರಿಂದ ಆರೈಕೆಯಿಂದ ವಿನಾಯಿತಿ. ನಮ್ಮ ಮನೆಯಲ್ಲಿ ಆ ರಹದಾರಿಗೆ ‘ಮೀಟಿಂಗ್ ಇದೆ’ ಎಂದು ಹೆಸರು. ಮೀಟಿಂಗಿನ ಹೊತ್ತಿಗೆ ಕುಕ್ಕರ್ ಕೂಗುವಂತಿಲ್ಲ, ಅತ್ತೆ ಕೆಮ್ಮುವಂತಿಲ್ಲ. ನನ್ನ ಕೌಂಟರಿಗೆ ಮಾತ್ರ ಮನೆಯ ಫೋನು ಯಾವಾಗ ಬೇಕಾದರೂ ಬರಬಹುದಿತ್ತು. ವಾಟ್ಸಾಪಿನ ತುಂಬ ಆಗ ಲಾಕ್‌ಡೌನ್ ಗಂಡಂದಿರ ಜೋಕುಗಳು ಓಡಾಡುತ್ತಿದ್ದವು. ಗಂಡ ಪಾತ್ರೆ ತೊಳೆದರೆ ಜೋಕು, ಹೆಂಡತಿ ತೊಳೆದರೆ ಸೋಮವಾರ.

ನಾನು ಗಂಡನ ಮೇಲೆ ದೂರು ಹೇಳಲು ಕೂತಿಲ್ಲ. ನನ್ನ ಮತ್ತು ಇವರ ಜಗಳ ಒಂದೇ ಸೂರಿನ ಕೆಳಗಿನದು. ನಮ್ಮಿಬ್ಬರನ್ನೂ ಎತ್ತಿ ಹಿಡಿದಿದ್ದ ಕೈಗಳು ಸೂರಿನಾಚೆ ಇದ್ದವು. ಬಡಾವಣೆಯ ಸಂಘದವರು ಗೇಟಿಗೆ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ಹಾಕಿದ ದಿನ, ವರ್ಷಗಟ್ಟಲೆ ನಮ್ಮೆಲ್ಲರ ಮನೆಯ ಒಳಗೊಳಗೆ ಓಡಾಡಿದ್ದ ಕೆಲಸದಾಕೆ ಹೊರಗಿನವಳಾದಳು. ಕೆಲವು ಮನೆಗಳಲ್ಲಿ ‘ಬಂದಿಲ್ಲವಲ್ಲ, ಸಂಬಳ ಹೇಗೆ?’ ಎಂಬ ಲೆಕ್ಕಾಚಾರ ನಡೆಯಿತು. ಅತ್ತೆ ಆ ಮಾತನ್ನು ಅರ್ಧದಲ್ಲೇ ತುಂಡರಿಸಿದರು. ‘ಅವಳು ಬರಲ್ಲ ಅಂದಿದ್ದಲ್ಲ, ನಾವು ಬರಬೇಡ ಅಂದಿದ್ದು.’ ಸಂಬಳ ಎಷ್ಟು ಕಳಿಸಬೇಕೆಂದು ಇವರು ನನ್ನನ್ನು ಕೇಳಿದರು. ಶೀಟಿನಲ್ಲಿ ಆ ಸಾಲೂ ಇರಲಿಲ್ಲ.

ಅವಳನ್ನು ನಾನು ಮತ್ತೆ ಕಂಡದ್ದು ಬ್ಯಾಂಕಿನ ಗಾಜಿನಾಚೆ. ಜನಧನ ಖಾತೆಯಿರುವ ಹೆಂಗಸರಿಗೆ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. ನೂಕುನುಗ್ಗಲು ಆಗಬಾರದೆಂದು ಖಾತೆಯ ಕೊನೆಯ ಅಂಕಿಯ ಪ್ರಕಾರ ದಿನ ಗೊತ್ತುಮಾಡಿದ್ದರು: ಸೊನ್ನೆ, ಒಂದು ಇದ್ದವರಿಗೆ ಏಪ್ರಿಲ್ 3, ಎರಡು ಮೂರಕ್ಕೆ 4, ನಾಲ್ಕು ಐದಕ್ಕೆ 7, ಹೀಗೆ. ಬಿಸಿಲಲ್ಲಿ ಸುಣ್ಣದ ವೃತ್ತಗಳು, ವೃತ್ತಗಳಲ್ಲಿ ಚಪ್ಪಲಿಗಳು, ಚಪ್ಪಲಿಯ ಒಡತಿಯರು ಮರದ ನೆರಳಿನಲ್ಲಿ. ನಮ್ಮ ಸಿಬ್ಬಂದಿಗೇ ಪದೇ ಪದೇ ಸುತ್ತೋಲೆ ನೋಡಿಕೊಳ್ಳಬೇಕಾಗಿದ್ದ ಆ ಅಂಕಿಗಳು ಅವಳಿಗೆ ಬಾಯಿಪಾಠ. ತನ್ನ ಬೀದಿಯ ಹೆಂಗಸರ ಪಾಸ್‌ಬುಕ್ಕುಗಳ ಕೊನೆಯ ಅಂಕಿಯೆಲ್ಲ ಅವಳ ತಲೆಯಲ್ಲಿದ್ದವು. ‘ಈ ಅಜ್ಜಿದು ಒಂದು, ಇವತ್ತೇ. ಅವರ ಸೊಸೇದು ನಾಕು, ಏಳನೇ ತಾರೀಕು ಕರ್ಕೊಂಡ್ ಬತ್ತೀನಿ. ನಂದು ಎಂಟು ಅಕ್ಕಾ, ಒಂಬತ್ತಕ್ಕೆ.’ ಅಂದು ಅವಳ ದಿನವೇ ಅಲ್ಲ. ಅಜ್ಜಿಗೆ ಓದಲು ಬಾರದೆಂದು ಬಂದಿದ್ದಳು. ಹೊರಡುವ ಮುಂಚೆ ಗಾಜಿನ ತೂತಿಗೆ ಬಾಯಿಟ್ಟು ಕೇಳಿದಳು: ‘ದೊಡ್ಡಮ್ಮನ ಮಾತ್ರೆ ಸಿಕ್ತಾ ಅಕ್ಕಾ? ಮುಗೀತಾ ಬಂದಿತ್ತಲ್ಲ.’ ಡಬ್ಬಿ ಒರೆಸುವಾಗ ನೋಡಿಟ್ಟುಕೊಂಡಿದ್ದಳಂತೆ.

ಗಮನಿಸುವುದು ಎಂದರೆ ಇದು. ಇದಕ್ಕೆ ನಮ್ಮ ಯಾವ ಲೆಡ್ಜರಿನಲ್ಲೂ ಕಲಮು ಇಲ್ಲ. ಹಾಗೆಂದು ಸರ್ಕಾರ ಮನೆಗೆಲಸವನ್ನು ಅಳೆದೇ ಇಲ್ಲವೆಂದಲ್ಲ. 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ವರದಿ ಹೊರಬಂದದ್ದು 2020ರ ಸೆಪ್ಟೆಂಬರಿನಲ್ಲಿ, ದೇಶವೆಲ್ಲ ಮನೆಯೊಳಗೆ ಕೂತೆದ್ದ ಮೇಲೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಮಾಡುವ ಗಂಡಸರ ಲೆಕ್ಕ. ಆ ಕೆಲಸಕ್ಕೆ ಕೈಹಾಕುತ್ತಿದ್ದ ಹೆಂಗಸರು ನೂರಕ್ಕೆ 81, ಗಂಡಸರು 26. ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧರ್ಧ ಗಂಟೆಯ ಪಟ್ಟಿ ಹಾಕಿ ಕೇಳಿದ ಲೆಕ್ಕ ಅದು. ನೋಟು ಎಣಿಸುವಾಗ ಹೆಪ್ಪಿನ ನೆನಪಾಗಿ ಎದೆ ಧಸಕ್ಕೆಂದದ್ದು ಯಾವ ಅರ್ಧ ಗಂಟೆಗೆ ಸೇರುತ್ತದೆ?

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದೇ ಅಂಕಿಗಳನ್ನು ಮುಂದಿಟ್ಟುಕೊಂಡು, ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಕಟ್ಟಬೇಕು ಎಂದು ಹೇಳಿತು. ಓದಿ ಖುಷಿಯಾಯಿತು. ಅದು ರಸ್ತೆ ಅಪಘಾತದಲ್ಲಿ ತೀರಿಕೊಂಡ ದಂಪತಿಯ ಪರಿಹಾರದ ಮೊಕದ್ದಮೆ. ಬದುಕಿರುವ ಗೃಹಿಣಿ ಈ ಲೆಕ್ಕ ಎಲ್ಲಿ ಹೋಗಿ ಕೇಳಬೇಕೆಂಬುದು ಅತ್ತೆಯ ಪ್ರಶ್ನೆಯಾಗಿತ್ತು.

2020ರ ಮಾರ್ಚ್ 22ರ ಸಂಜೆ ಐದಕ್ಕೆ, ಸೋಂಕಿನ ಎದುರು ದುಡಿಯುವವರಿಗೆ ವಂದನೆಯೆಂದು ನಮ್ಮ ಬೀದಿಯೂ ತಟ್ಟೆ ಬಡಿದಿತ್ತು. ಇವರ ಉತ್ಸಾಹಕ್ಕೆ ಅತ್ತೆಯ ಮದುವೆಯ ಹಿತ್ತಾಳೆ ತಟ್ಟೆ ನೆಗ್ಗಿತು. ಯಾರ ಸಲುವಾಗಿ ಬಡಿದೆವೋ ಅವರಲ್ಲೊಬ್ಬಳು ಕೆಲ ದಿನಗಳ ಬಳಿಕ ಗೇಟಿಗೆ ಬಂದಳು, ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ. ರಿಜಿಸ್ಟರು ತೆರೆದು ನಿಂತೇ ಕೇಳಿದಳು: ಜ್ವರ? ಕೆಮ್ಮು? ಅರವತ್ತು ದಾಟಿದವರು? ಬೇರೆ ಊರಿಂದ ಬಂದವರು? ಕೆಲವು ಮನೆಯವರು ಬಾಗಿಲನ್ನೇ ತೆರೆಯಲಿಲ್ಲವಂತೆ. ಅತ್ತೆ ಕಾಂಪೌಂಡಿನ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟು, ಶಾಸ್ತ್ರಕ್ಕೆ ಮೂರು ಹೆಜ್ಜೆ ಹಿಂದೆ ಸರಿದು, ರಿಜಿಸ್ಟರಿನಲ್ಲಿಲ್ಲದ ಪ್ರಶ್ನೆ ಕೇಳಿದರು. ‘ನಿನ್ನ ಮಕ್ಕಳನ್ನ ಯಾರಮ್ಮಾ ನೋಡ್ಕೋತಾರೆ?’

‘ದೊಡ್ಡೋಳು ಇದಾಳಲ್ಲ ಅಮ್ಮಾ, ಏಳನೇ ಕ್ಲಾಸು. ಅವಳೇ ಅನ್ನ ಮಾಡಿ ಚಿಕ್ಕೋನಿಗೆ ಹಾಕ್ತಾಳೆ.’

ನಾವು ಕ್ಷೇಮವಾಗಿದ್ದೇವೆ ಎಂಬ ಆ ರಿಜಿಸ್ಟರಿನ ಒಂದು ಸಾಲು ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಅನ್ನದ ಪಾತ್ರೆಯ ಮೇಲೆ ನಿಂತಿತ್ತು. ಜುಲೈ 10ರಂದು ರಾಜ್ಯದ ಸುಮಾರು 42,000 ಆಶಾಗಳು ಕೆಲಸ ನಿಲ್ಲಿಸಿ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ರಕ್ಷಣೆಯ ಸಾಮಗ್ರಿ ಕೊಡಿ ಎಂದು ಕೇಳಿದರು. ಬೀದಿಯ ಕೆಲವರಿಗೆ ಆಶ್ಚರ್ಯ: ಇಂಥ ಕಾಲದಲ್ಲಿ ಸೇವೆ ಮಾಡುವವರು ದುಡ್ಡು ಕೇಳುವುದೆ? ಅತ್ತೆ ನೆಗ್ಗಿದ ತಟ್ಟೆ ಎತ್ತಿ ತೋರಿಸಿದರು. ‘ಇದನ್ನ ಕೊಟ್ಟಿದೀವಲ್ಲ, ಸಾಕು ಅಂತೀಯಾ?’ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಆಶಾಗಳನ್ನು ಗೌರವಿಸಿತು. ಗೌರವ ಅವರಿಗೆ ಬೇಕಾದಷ್ಟು ಸಿಕ್ಕಿದೆ. ಧನದ ಮಾತು ಬಂದಾಗ ಮಾತ್ರ ಎಲ್ಲರಿಗೂ ಮೀಟಿಂಗ್ ಇರುತ್ತದೆ.

ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್ ಕೊನೆಗೆ ರಾಜ್ಯ ಮತ್ತೆ ಬಾಗಿಲು ಹಾಕಿಕೊಂಡು ದಿನಸಿ, ತರಕಾರಿಗೆ ಬೆಳಿಗ್ಗೆ ಆರರಿಂದ ಹತ್ತು ಎಂದಾಗ, ಸೋಂಕು ನನಗೇ ತಗುಲಿತು. ಮಹಡಿಯ ರೂಮಿನಲ್ಲಿ ನಾನು, ಬೆರಳಿಗೆ ಆಕ್ಸಿಮೀಟರ್. ಮೊದಮೊದಲು ಆ ರೂಮು ಕಂಟ್ರೋಲ್ ರೂಮಾಗಿತ್ತು. ಕೆಳಗಿನಿಂದ ‘ಇಂಗು ಎಲ್ಲಿ?’, ಮೇಲಿನಿಂದ ‘ಎರಡನೇ ಗೂಡು, ಎಡಕ್ಕೆ!’ ಆಮೇಲೆ ನನ್ನ ಗಂಟಲು ಬಿದ್ದುಹೋಯಿತು. ಮಾತಾಡಿದರೆ ಕೆಮ್ಮು ಉಕ್ಕಿ ಬರುತ್ತಿತ್ತು, ಫೋನಿನ ಅಕ್ಷರ ನೋಡಿದರೆ ತಲೆ ಸುತ್ತು. ಡಾಕ್ಟರು ಮಾತು ಬೇಡ ಎಂದರು. ಮನೆಯ ಪ್ರಶ್ನೆಗಳಿಗೆ ಉತ್ತರ ಬರುವುದು ನಿಂತಿತು.

ಬಾಗಿಲ ಹೊರಗೆ ಸ್ಟೂಲಿನ ಮೇಲೆ ಅಡಿಕೆ ಹಾಳೆಯ ತಟ್ಟೆಯಲ್ಲಿ ಊಟ ಬರುತ್ತಿತ್ತು. ಮೊದಲ ತಟ್ಟೆ ಇವರು ತಮಗೇ ಬಡಿಸಿಕೊಂಡಂತಿತ್ತು: ಅನ್ನದ ಗುಡ್ಡ, ಖಾರದ ಹುಳಿ, ಪಲ್ಯ, ಉಪ್ಪಿನಕಾಯಿ. ಅರ್ಧಕ್ಕರ್ಧ ಬಿಟ್ಟೆ. ಬಿಟ್ಟದ್ದನ್ನು ಎಸೆಯುವ ಮುಂಚೆ ಇವರು ಗ್ಲೌಸು ಹಾಕಿದ ಕೈಯಲ್ಲಿ ತಟ್ಟೆ ಹಿಡಿದು ಮೆಟ್ಟಿಲ ತಿರುವಿನಲ್ಲಿ ನಿಂತು ನೋಡುವುದು ಕಿಟಕಿಯಿಂದ ಕಾಣುತ್ತಿತ್ತು. ಬ್ಯಾಲೆನ್ಸ್ ಷೀಟು ನೋಡುವಷ್ಟು ಗಂಭೀರ. ಮರುದಿನ ಅನ್ನ ಕಡಿಮೆಯಾಯಿತು, ಮೆತ್ತಗಾಯಿತು. ಪಲ್ಯ ಮಾಯವಾಗಿ ಹೆಸರುಬೇಳೆಯ ಕಟ್ಟು ಬಂತು. ಉಪ್ಪಿನಕಾಯಿಯ ಜಾಗದಲ್ಲಿ ನೆಲ್ಲಿಕಾಯಿಯ ಚಟ್ಟು. ನಾಲಿಗೆಗೆ ರುಚಿಯೇ ಇರಲಿಲ್ಲವಾಗಿ ಅದರಲ್ಲಿ ಉಪ್ಪಿತ್ತೋ ಇಲ್ಲವೋ ನಾನರಿಯೆ. ಕೊನೆಗೊಂದು ದಿನ ಊಟದ ಜೊತೆ ಫ್ಲಾಸ್ಕಿನಲ್ಲಿ ಜೀರಿಗೆ ನೀರು ಬಂತು. ರಾತ್ರಿ ಕೆಮ್ಮುವುದು ಕೆಳಗೆ ಕೇಳಿಸಿತ್ತಂತೆ. ಯಾರೂ ಹೇಳಿರಲಿಲ್ಲ. ಟ್ರಾಂಟೊ ಹೇಳಿದ ನಾಲ್ಕನೆಯ ಹಂತ ನಮ್ಮ ಮನೆಗೆ ಮೆಟ್ಟಿಲು ಹತ್ತಿಕೊಂಡು ಬಂದದ್ದು ಹೀಗೆ. ಹೆಂಗಸರಿಗೆ ಇದು ರಕ್ತದಲ್ಲೇ ಇರುತ್ತದೆ ಎಂಬ ಮಾತನ್ನು ನಾನು ಆಮೇಲೆ ನಂಬಿಲ್ಲ. ಹೇಳುವವರು ಸುಮ್ಮನಾದರೆ ಕಣ್ಣು ತಾನೇ ಬಿಡುತ್ತದೆ.

ಹಾಗೆಂದು ಎಲ್ಲ ಹೆಂಗಸರೂ ಸುಮ್ಮನಾಗಿಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ನಾನು ಹುಷಾರಾದೆ, ಆಫೀಸುಗಳು ತೆರೆದವು, ಬಡಾವಣೆಯ ಬೋರ್ಡು ಇಳಿಯಿತು, ಕೆಲಸದಾಕೆ ವಾಪಸು ಬಂದಳು. ಹನ್ನೊಂದರ ಮನೆ ಮತ್ತೆ ಗಂಡಸರ ಕಣ್ಣಿಂದ ಮರೆಯಾಯಿತು. ಬೀದಿಯಲ್ಲಿ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡಿದ್ದವರೆಲ್ಲ ಈಗ ಬೆಳಗಿನ ಎಂಟಕ್ಕೇ ಕಾರು ಹತ್ತುತ್ತಾರೆ. ‘ಮನೆಗೆಲಸ_ಫೈನಲ್_2’ ಯಾವ ಫೋಲ್ಡರಿನಲ್ಲಿದೆಯೋ ಇವರಿಗೇ ನೆನಪಿಲ್ಲ. ಆ ಕೆಟ್ಟ ಕಾಲ ಮರಳಿ ಬರುವುದು ಬೇಡ. ಆದರೂ ಮಧ್ಯಾಹ್ನ ಕೌಂಟರಿನಲ್ಲಿ ಫೋನು ಮೌನವಾಗಿ ಬಿದ್ದಿದ್ದರೆ, ಮೆಂತ್ಯದ ಡಬ್ಬಿ ಯಾವುದೆಂದು ಯಾರಾದರೂ ಕೇಳಬಾರದೆ ಅನ್ನಿಸುತ್ತದೆ.

ಅತ್ತೆ ಈಗಿಲ್ಲ. ಆ ರೋಗದಿಂದಲ್ಲ, ವಯಸ್ಸಾಗಿ, ಮನೆಯಲ್ಲೇ ಹೋದರು. ದಿನಾ ಮಧ್ಯಾಹ್ನ ಕ್ಯಾಲೆಂಡರಿನ ಹಿಂದಿನ ಒಂದು ನಂಬರಿಗೆ ಫೋನು ಮಾಡಿ ಊಟವಾಯಿತೇ ಎಂದು ಕೇಳುವುದು ಅವರ ಲಾಕ್‌ಡೌನ್ ಅಭ್ಯಾಸ, ಆಮೇಲೂ ಬಿಟ್ಟಿರಲಿಲ್ಲ. ಅವರು ಹೋದ ಮೇಲೆ ಆ ಕ್ಯಾಲೆಂಡರನ್ನು ಇವರು ಬಿಚ್ಚಲು ಬಿಡಲಿಲ್ಲ. ಭಾನುವಾರ ಅದನ್ನು ತಿರುವಿ ಕೊಳ್ಳೇಗಾಲದ ಚಿಕ್ಕತ್ತೆಗೆ ಫೋನು ಮಾಡುತ್ತಾರೆ. ಮಂಡಿನೋವಿನ ಮಟ್ಟಿಗೆ ಮಾತು ಸಲೀಸು. ಸೊಸೆಯಂದಿರ ವಿಷಯಕ್ಕೆ ಬಂದಾಗ ಮಾತ್ರ ಇನ್ನೂ ತಡವರಿಸುತ್ತಾರೆ.

ಮಗ ಇಂಜಿನಿಯರಿಂಗಿಗೆಂದು ಬೆಂಗಳೂರಿಗೆ ಹೋಗಿ ಗೆಳೆಯರೊಂದಿಗೆ ಮನೆ ಮಾಡಿದ. ಮೊನ್ನೆ ರಾತ್ರಿ ಫೋನಿನಲ್ಲಿ ಗೋಳೋ ಅಂದ. ‘ಅಮ್ಮಾ, ಗ್ಯಾಸ್ ಮುಗೀತಾ ಬಂದ್ರೆ ಉರಿ ನೋಡಿ ನಂಗೊಬ್ಬನಿಗೇ ಗೊತ್ತಾಗುತ್ತೆ. ಕುಡಿಯೋ ನೀರಿನ ಕ್ಯಾನ್ ಖಾಲಿ ಆದ್ರೂ ನಂಗೇ ಗೊತ್ತಾಗೋದು. ಒಬ್ಬನಿಗೆ ಎರಡು ದಿನದಿಂದ ಜ್ವರ, ಉಳಿದೋರು ಗೇಮ್ ಆಡ್ತಾ ಕೂತಿದಾರೆ. ನಂಗ್ಯಾಕಮ್ಮಾ ಇದೆಲ್ಲ ಕಾಣುತ್ತೆ?’

ನನಗೆ ನಗು ತಡೆಯಲಾಗಲಿಲ್ಲ. ‘ಲಾಕ್‌ಡೌನಲ್ಲಿ ತಗುಲಿರೋದು ಕಣೋ. ಅಜ್ಜಿಯಿಂದ ಬಂದಿರಬೇಕು.’

‘ಇದಕ್ಕೆ ಔಷಧಿ ಇಲ್ವಾ?’

‘ಇಲ್ಲ. ಮಾಸ್ಕ್ ತೆಗೆದು ಎಲ್ಲರ ಹತ್ತಿರಾನೂ ಕೂತ್ಕೊ. ಅವರಿಗೂ ಹರಡಲಿ.’